ಉಪ್ಪುಗಾಳಿಗೆ ಬಾಯ್ತೆರೆದ ಧ್ವನಿವರ್ಧಕ

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯಲ್ಲಿ ಕಂಬಗಳ ಮೇಲೆ ಕಟ್ಟುವ ಅಲ್ಯೂಮಿನಿಯಂ ಹಾರ್ನ್‌ಗಳನ್ನು ತುಮಕೂರಿನ ಮೈಕ್ ಸೆಟ್‌ನವರು ವರ್ಷಗಟ್ಟಲೆ ದುಡಿಸಿಕೊಳ್ಳುತ್ತಾರೆ. ಬಿಸಿಲು, ದೂಳು, ಆಗೊಮ್ಮೆ ಈಗೊಮ್ಮೆ ಬರುವ ಅಕಾಲ ಮಳೆ ಇವನ್ನೆಲ್ಲ ತಡೆದುಕೊಂಡು ಅವು ಬಾಳುತ್ತವೆ. ಈ ಬಾಳಿಕೆಯಲ್ಲಿ ಉಪಕರಣದ ಪಾಲಿನಷ್ಟೇ ಊರಿನ ಪಾಲೂ ಇದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಹತ್ತಿರದ ಕಡಲು ಸುಮಾರು 250 ಕಿಲೋಮೀಟರ್ ದೂರದಲ್ಲಿದೆ, ಗಾಳಿಯಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅದೇ ಹಾರ್ನ್ ಅನ್ನು ಮಂಗಳೂರಿನಿಂದ ಹೊರಡುವ ಹಡಗೊಂದರ ತೆರೆದ ಡೆಕ್ಕಿನ ಮೇಲೆ ಕೂರಿಸಿದರೆ ಮೊದಲು ತಿರುಪುಗಳ ಸುತ್ತ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ, ಬಳಿಕ ಕಬ್ಬಿಣದ ಕೊಂಡಿಯಿಂದ ಕೆಂಪು ಕಲೆ ಇಳಿಯತೊಡಗುತ್ತದೆ, ಕೊನೆಗೆ ಧ್ವನಿ ಒಡೆದು ಕೇಳಿಸುತ್ತದೆ.

ಹಡಗಿನಲ್ಲಿ ಧ್ವನಿ ಒಡೆಯುವುದು ಜೀವದ ಪ್ರಶ್ನೆಯಾಗಿದೆ. ಸಮುದ್ರದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಏಳು ಅಥವಾ ಹೆಚ್ಚು ಚುಟುಕು ಸದ್ದುಗಳು ಮತ್ತು ಅವುಗಳ ಬೆನ್ನಿಗೆ ಬರುವ ಒಂದು ದೀರ್ಘ ಸದ್ದು ಸಾಮಾನ್ಯ ತುರ್ತು ಸಂಕೇತ. ಅದನ್ನು ಕೇಳಿದವರು ತಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಬೇಕು, ಮುಂದೇನು ಮಾಡಬೇಕೆಂಬುದನ್ನು ಧ್ವನಿವರ್ಧಕದ ಮಾತಿನಿಂದ ತಿಳಿಯಬೇಕು. ತುರ್ತು ಪ್ರಕಟಣೆಯ ಧ್ವನಿ ಹಡಗಿನ ಹೊರಭಾಗದಲ್ಲಿ ಕನಿಷ್ಠ 80 ಡೆಸಿಬೆಲ್ ಇರಬೇಕು, ಜೊತೆಗೆ ಮಾತನ್ನು ಮುಚ್ಚಿಹಾಕುವ ಸುತ್ತಲಿನ ಗದ್ದಲದ ಮಟ್ಟಕ್ಕಿಂತ ಕನಿಷ್ಠ 15 ಡೆಸಿಬೆಲ್ ಮೇಲಿರಬೇಕು ಎಂಬುದು ನಿಯಮ. ಆದರೆ ಸದ್ದಿನ ಮಟ್ಟ ಸರಿಯಿದ್ದ ಮಾತ್ರಕ್ಕೆ ಮಾತು ಅರ್ಥವಾಗುತ್ತದೆಂದು ಹೇಳಲಾಗದು. ವ್ಯಂಜನಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ಕೇಳಲು ಬೇಕಾದ ಮಾಹಿತಿಯ ದೊಡ್ಡ ಪಾಲು 2,000 ಹರ್ಟ್ಸ್‌ನ ಆಚೀಚೆ ಮತ್ತು ಅದಕ್ಕಿಂತ ಮೇಲಿನ ಕಂಪನಾಂಕಗಳಲ್ಲಿರುತ್ತದೆ. ಕಂಪಿಸಿ ಸದ್ದು ಹುಟ್ಟಿಸುವ ತೆಳುಪೊರೆಯಾದ ಡಯಾಫ್ರಾಮ್ ಮೇಲೆ ಉಪ್ಪಿನ ಪದರ ಕಟ್ಟಿ ಅದರ ತೂಕ ಏರಿದಾಗ ಮೊದಲು ಕುಗ್ಗುವುದು ಈ ಎತ್ತರದ ಕಂಪನಾಂಕಗಳೇ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಪೂರ್ತಿ ಸತ್ತುಹೋದ ಧ್ವನಿವರ್ಧಕಕ್ಕಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಸತ್ತದ್ದನ್ನು ಯಾರಾದರೂ ಗಮನಿಸಿ ಬದಲಾಯಿಸುತ್ತಾರೆ.

ತುಕ್ಕಿಗೆ ನೀರೇ ಕಾರಣವೆಂಬ ತಿಳಿವಳಿಕೆ ಅರ್ಧ ಸರಿ. ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣವಾಗಿ, ಕರಗುವುದು ಒಂದು ಕಡೆ, ಆ ಎಲೆಕ್ಟ್ರಾನುಗಳನ್ನು ಆಮ್ಲಜನಕ ಮತ್ತು ನೀರು ತೆಗೆದುಕೊಳ್ಳುವುದು ಇನ್ನೊಂದು ಕಡೆ. ಈ ಎರಡು ಕಡೆಗಳ ನಡುವೆ ಅಯಾನುಗಳು ಸಂಚರಿಸಲು ದಾರಿ ಬೇಕು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿದ್ದು, ಅದು ನಲ್ಲಿಯ ಸಿಹಿನೀರಿಗಿಂತ ಸುಮಾರು ನೂರು ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಅಂದರೆ ಆ ದಾರಿ ಅಲ್ಲಿ ಹೆದ್ದಾರಿಯಷ್ಟು ಅಗಲ. ಲವಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಕ್ಲೋರೈಡ್ ಅಯಾನು ಇದರ ಮೇಲೆ ಇನ್ನೊಂದು ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್‌ಗಳನ್ನು ಕಾಪಾಡುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತದೆ.

ಇಷ್ಟಾದರೂ ನೀರು ಒಣಗಿದರೆ ಕ್ರಿಯೆ ನಿಲ್ಲಬೇಕಲ್ಲವೇ? ಸಮುದ್ರದ ಉಪ್ಪು ಒಣಗಲು ಬಿಡುವುದಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಜಾಡಿಯಲ್ಲಿನ ಕಲ್ಲುಪ್ಪು ತಾನಾಗಿ ನೀರೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡ ದಾಟಿದಾಗ ಹೀಗೆ ಕರಗತೊಡಗುತ್ತದೆ, ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ 33 ಶೇಕಡವೇ ಸಾಕು. ಕಡಲಿನ ಮೇಲೆ ಗಾಳಿ ಅಷ್ಟು ಒಣಗುವುದು ಅಪರೂಪ. ಆದ್ದರಿಂದ ಒಮ್ಮೆ ಹಾರ್ನಿನ ಮೇಲೆ ಬಿದ್ದ ತುಂತುರು ಕಣ್ಣಿಗೆ ಒಣಗಿದಂತೆ ಕಂಡರೂ ತಿರುಪಿನ ತಲೆಯಡಿಯಲ್ಲಿ, ಜೋಡಣೆಯ ನಡುವೆ ನೀರು ತಡೆಯಲು ಇಡುವ ಗ್ಯಾಸ್ಕೆಟ್ಟಿನ ಅಂಚಿನಲ್ಲಿ, ಬೆಸುಗೆಯ ಬಿರುಕಿನಲ್ಲಿ ಹಸಿಯಾಗಿಯೇ ಉಳಿದು ಹಗಲಿರುಳು ಕೆಲಸ ಮಾಡುತ್ತಿರುತ್ತದೆ. ಕಡಲಿನ ಉಪಕರಣದ ಹಣೆಬರಹ ಇಂಥ ಸಂದುಗಳಲ್ಲಿ ನಿರ್ಧಾರವಾಗುತ್ತದೆ ಎಂಬುದು ಈ ಲೇಖನದ ಮುಖ್ಯ ಮಾತು. ಯಾವ ಲೋಹ ಎಂಬ ಪ್ರಶ್ನೆ ಅದರ ನಂತರದ್ದು.

ಈ ಮಾತಿಗೆ ಇನ್ನೂರೈವತ್ತು ವರ್ಷಕ್ಕೂ ಹಳೆಯದಾದ ಸಾಕ್ಷ್ಯವಿದೆ. ಬ್ರಿಟಿಷ್ ನೌಕಾಪಡೆಯವರು ಮರ ಕೊರೆಯುವ ಹುಳುಗಳಿಂದ ಹಡಗನ್ನು ಕಾಪಾಡಲು 1761ರಲ್ಲಿ ‘ಅಲಾರ್ಮ್’ ಎಂಬ ನೌಕೆಯ ಅಡಿಭಾಗಕ್ಕೆ ತಾಮ್ರದ ತಗಡುಗಳನ್ನು ಹೊದಿಸಿದರು. ವೆಸ್ಟ್ ಇಂಡೀಸ್‌ನಿಂದ ಮರಳಿದ ಅದನ್ನು 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇತ್ತು, ಆದರೆ ತಗಡುಗಳನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಬಹಳ ಕಡೆ ತುಕ್ಕಿನ ಮುದ್ದೆಯಾಗಿದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲವು ಕಡೆ ತೆಗೆಯದೆ ಹಾಗೆಯೇ ಮೊಳೆ ಹೊಡೆದಿದ್ದರು. ಆ ಕಾಗದ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ನಿಂತಿದ್ದ ಕಡೆ ಮೊಳೆಗಳು ಉಳಿದುಕೊಂಡಿದ್ದವು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿ ನಿಂತರೆ ಅವು ಬ್ಯಾಟರಿಯಾಗುತ್ತವೆ, ಹೆಚ್ಚು ಸಲೀಸಾಗಿ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹ ಸವೆಯುತ್ತದೆ ಎಂಬ ವಿವರಣೆ ಬಂದದ್ದು ಬಳಿಕ. ಬ್ಯಾಟರಿಯೇ ಆಗ ಇನ್ನೂ ಹುಟ್ಟಿರಲಿಲ್ಲ.

ಇಂದು ಅಲ್ಯೂಮಿನಿಯಂ ಹಾರ್ನಿಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಮತ್ತು ಕೊಳವೆಯಂಥ ಪ್ಲಾಸ್ಟಿಕ್ ಬುಶ್ ಇಡುವುದು ಆ ಕಂದು ಕಾಗದದ ಕೆಲಸವನ್ನೇ ಮಾಡುತ್ತದೆ. ಇಲ್ಲಿ ಗಾತ್ರದ ಲೆಕ್ಕವೂ ಇದೆ. ದೊಡ್ಡ ಅಲ್ಯೂಮಿನಿಯಂ ಭಾಗಕ್ಕೆ ಚಿಕ್ಕ ಸ್ಟೀಲ್ ಬೋಲ್ಟ್ ಇದ್ದರೆ ಸವೆತ ಹರಡಿಹೋಗಿ ನಿಧಾನವಾಗುತ್ತದೆ. ಸ್ಟೀಲ್ ತಟ್ಟೆಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಇಡೀ ತಟ್ಟೆಯ ಹಸಿವನ್ನು ಆ ಪುಟ್ಟ ರಿವೆಟ್ ತೀರಿಸಬೇಕಾಗುತ್ತದೆ. ಹಡಗಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿದು ಉಕ್ಕನ್ನು ಕಾಪಾಡುವ ಉಪಾಯ ಡೆಕ್ಕಿನ ಮೇಲಿನ ಧ್ವನಿವರ್ಧಕಕ್ಕೆ ಒದಗುವುದಿಲ್ಲ. ಆ ರಕ್ಷಣೆಗೆ ಸತುವೂ ಉಕ್ಕೂ ಒಂದೇ ನೀರಿನಲ್ಲಿ ಸದಾ ಮುಳುಗಿರಬೇಕು.

ದೀಪವನ್ನೋ ಸ್ವಿಚ್ಚಿನ ಪೆಟ್ಟಿಗೆಯನ್ನೋ ಪೂರ್ತಿ ಮುಚ್ಚಿಬಿಡಬಹುದು. ಧ್ವನಿವರ್ಧಕಕ್ಕೆ ಆ ಸೌಲಭ್ಯವಿಲ್ಲ. ಅದರ ಡಯಾಫ್ರಾಮ್ ಹೊರಗಿನ ಗಾಳಿಯನ್ನು ನೂಕಲೇಬೇಕು, ಹಾಗಾಗಿ ಒಂದು ಬಾಯಿ ತೆರೆದೇ ಇರಬೇಕು. ಈ ಇಕ್ಕಟ್ಟಿಗೆ ಮಡಿಸಿದ ಹಾರ್ನ್ ಒಂದು ಸೊಗಸಾದ ಉತ್ತರ. ಅದರಲ್ಲಿ ಧ್ವನಿ ಮೊದಲು ಮುಂದಕ್ಕೆ ಹೋಗಿ, ನಡುವಿನ ಬಟ್ಟಲಿಗೆ ತಾಗಿ ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಬಂದು ಹೊರಬೀಳುತ್ತದೆ. ಉದ್ದವಾದ ಕೊಳವೆಯನ್ನು ಚಿಕ್ಕ ಜಾಗದಲ್ಲಿ ಅಡಗಿಸಲು ಹುಟ್ಟಿದ ಈ ವಿನ್ಯಾಸದಲ್ಲಿ ಅಲೆಯ ಎರಚಲು ಡಯಾಫ್ರಾಮ್ ಮುಟ್ಟಬೇಕಾದರೆ ಎರಡು ಸಲ ದಿಕ್ಕು ಬದಲಿಸಬೇಕು. ಬಾಯಿಯನ್ನು ತುಸು ಕೆಳಕ್ಕೆ ಬಾಗಿಸಿ, ನೀರು ನಿಲ್ಲಬಹುದಾದ ತಗ್ಗಿನಲ್ಲಿ ಒಂದು ಸಣ್ಣ ರಂಧ್ರ ಬಿಟ್ಟರೆ ಒಳಗೆ ಬಂದ ನೀರೂ ಇಳಿದುಹೋಗುತ್ತದೆ. ಕೊಳವೆಯ ಗೋಡೆಯನ್ನು ಗಾಜಿನ ನಾರು ಬೆರೆಸಿದ ಪಾಲಿಯೆಸ್ಟರ್‌ನಿಂದ ಮಾಡಿದರೆ ಅಷ್ಟು ಭಾಗಕ್ಕೆ ತುಕ್ಕಿನ ಚಿಂತೆಯೇ ಇರುವುದಿಲ್ಲ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಮಾತ್ರ ಅದನ್ನು ಕಾಪಾಡಬೇಕು.

ಇನ್ನು ಒಳಗಿನ ಭಾಗ. ಧ್ವನಿವರ್ಧಕದ ಹೃದಯದಲ್ಲಿ ಕಾಂತದ ಧ್ರುವಗಳ ನಡುವೆ ಉಂಗುರಾಕಾರದ ಒಂದು ಕಿರಿದಾದ ಸಂದು ಇರುತ್ತದೆ, ಅದರಲ್ಲಿ ಡಯಾಫ್ರಾಮನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ತೂಗಾಡುತ್ತದೆ. ಕಾಯಿಲ್‌ಗೂ ಉಕ್ಕಿನ ಗೋಡೆಗೂ ನಡುವೆ ಮಿಲಿಮೀಟರಿನ ಹತ್ತನೆಯ ಕೆಲವೇ ಭಾಗಗಳಷ್ಟು ಅಂತರ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಹೊರಗಿನ ಕೊಂಡಿಯ ಮೇಲೆ ಲೆಕ್ಕಕ್ಕೇ ಬಾರದ ತುಕ್ಕಿನ ಪದರ ಇಲ್ಲಿ ಉಬ್ಬಿ ಕಾಯಿಲನ್ನು ಉಜ್ಜತೊಡಗುತ್ತದೆ, ಧ್ವನಿ ಕರಕರ ಎನ್ನುತ್ತದೆ, ತಂತಿಯ ಮೇಲಿನ ಲೇಪ ಹರಿದು ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಕಾಂತವಾಗಿ ಫೆರೈಟ್ ಬಳಸಿದರೆ ಅದು ಸ್ವತಃ ಕಬ್ಬಿಣದ ಆಕ್ಸೈಡಿನಿಂದಾದ ಪಿಂಗಾಣಿಯಂಥ ವಸ್ತುವಾದ್ದರಿಂದ ತುಕ್ಕು ಹಿಡಿಯುವುದಿಲ್ಲ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಕಾಂತ ಹಗುರ ಮತ್ತು ಪ್ರಬಲ, ಆದರೆ ಅದರ ಮೇಲಿನ ನಿಕ್ಕಲ್ ಲೇಪದಲ್ಲಿ ಒಂದು ಸೂಜಿರಂಧ್ರವಿದ್ದರೂ ತೇವ ಒಳಗಿಳಿದು ಕಣಗಳ ನಡುವಿನ ಭಾಗವನ್ನು ತಿಂದು ಅದನ್ನು ಪುಡಿಯಾಗಿಸುತ್ತದೆ. ತೆರೆದ ಡೆಕ್ಕಿಗೆ ನಾನು ಭಾರವಾದ ಫೆರೈಟನ್ನೇ ಆರಿಸುತ್ತೇನೆ. ಯಾವ ಕಾಂತವಾದರೂ ಅದರ ಧ್ರುವದ ತಟ್ಟೆಗಳು ಮೆದು ಉಕ್ಕಿನವೇ ಆಗಿರುತ್ತವೆ. ವಾಹನಗಳ ಬಿಡಿಭಾಗಗಳಿಗೆ ವಿದ್ಯುತ್ತಿನ ನೆರವಿನಿಂದ ಬಣ್ಣ ಕೂರಿಸುವ ವಿಧಾನ ಇಲ್ಲಿ ಉಪಯುಕ್ತ, ಏಕೆಂದರೆ ಆ ಬಣ್ಣ ಮೂಲೆಗಳಿಗೂ ತಲುಪುತ್ತದೆ. ಅದರ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಸಂದಿನ ಅಳತೆ ನಿಗದಿ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು, ಅಚ್ಚು ಕಡೆದಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕಾಗದದ ಕೋನ್, ಬಲುಬೇಗ ಪುಡಿಯಾಗುವ ಫೋಮ್ ಅಂಚು ಇವೆರಡನ್ನೂ ದೂರವಿಟ್ಟು ಪಾಲಿಪ್ರೊಪಿಲೀನ್ ಮತ್ತು ರಬ್ಬರ್ ಬಳಸುವುದು ಸಾಮಾನ್ಯ ಕ್ರಮ.

ಡಯಾಫ್ರಾಮಿನ ಹಿಂದಿನ ಪೆಟ್ಟಿಗೆಯನ್ನಾದರೂ ಬಿಗಿಯಾಗಿ ಮುಚ್ಚಬಹುದಲ್ಲ ಎನಿಸುವುದು ಸಹಜ. ಅಲ್ಲಿಯೂ ಒಂದು ತೊಡಕಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಪೆಟ್ಟಿಗೆಯ ಒಳಗಾಳಿ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಗ್ಯಾಸ್ಕೆಟ್ಟಿನ ಸಂದಿನಿಂದ ಸ್ವಲ್ಪ ಹೊರಹೋಗಿರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಮ್ಮೆಲೇ ಅಲೆಯೋ ಮಳೆಯೋ ಬಡಿದು ಉಷ್ಣತೆ 25 ಡಿಗ್ರಿಗೆ ಇಳಿದರೆ ಒಳಗಿನ ಒತ್ತಡ ಸುಮಾರು ಹತ್ತನೆಯ ಒಂದು ಭಾಗ ಕುಸಿಯುತ್ತದೆ. ಇದು ಒಂದು ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಆ ಕ್ಷಣದಲ್ಲಿ ತಂತಿ ಒಳಹೋಗುವ ಜಾಗವನ್ನು ಬಿಗಿಯುವ ಕೇಬಲ್ ಗ್ಲ್ಯಾಂಡಿನ ಸುತ್ತ ನಿಂತ ಉಪ್ಪುನೀರನ್ನು ಪೆಟ್ಟಿಗೆ ತಾನೇ ಒಳಗೆಳೆದುಕೊಳ್ಳುತ್ತದೆ, ಒಳಹೊಕ್ಕ ನೀರು ಹೊರಹೋಗಲು ದಾರಿಯಿರುವುದಿಲ್ಲ. ಆದ್ದರಿಂದ ಪೆಟ್ಟಿಗೆಗೆ ಉಸಿರಾಡಲು ಬಿಡುವುದೇ ಮೇಲು. 1969ರಲ್ಲಿ ಬಾಬ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ದೊರೆತ ಸೂಕ್ಷ್ಮರಂಧ್ರಗಳ ಪೊರೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಾಳಿ ಮತ್ತು ಆವಿ ಅದರೊಳಗಿಂದ ಹಾಯುತ್ತವೆ, ನೀರಿನ ಹನಿ ಹಾಯುವುದಿಲ್ಲ. ಬಿಲ್ಲೆಯಷ್ಟಗಲದ ಇಂಥ ಪೊರೆಯನ್ನು ಪೆಟ್ಟಿಗೆಯ ಕೆಳಭಾಗದಲ್ಲಿ ಕೂರಿಸಿದರೆ ಒಳಗಿನ ಮತ್ತು ಹೊರಗಿನ ಒತ್ತಡ ಸಮವಾಗುತ್ತದೆ.

ತುಮಕೂರಿನ ಸುತ್ತಲಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಮಡಿಸುವವರಿಗೆ, ಲೋಹ ಎರಕ ಹೊಯ್ಯುವವರಿಗೆ, ಪೌಡರ್ ಕೋಟಿಂಗ್ ಮಾಡುವವರಿಗೆ ಈ ವಿನ್ಯಾಸ ಕೈಗೆ ಮೀರಿದ್ದೇನಲ್ಲ. ಒಳನಾಡಿನಲ್ಲಿ ನಡೆದುಹೋಗುವ ಕೆಲವು ರೂಢಿಗಳನ್ನು ಮಾತ್ರ ಬಿಡಬೇಕು. ಎರಕಕ್ಕೆ ಎಲ್ಲರೂ ಬಳಸುವ ಎಡಿಸಿ 12 ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ 1.5ರಿಂದ 3.5 ಶೇಕಡ ತಾಮ್ರವಿದ್ದು, ಅದು ಅಲ್ಯೂಮಿನಿಯಮ್ಮಿನ ಮೈಯೊಳಗೇ ಪುಟ್ಟ ಬ್ಯಾಟರಿಗಳನ್ನು ಹುಟ್ಟಿಸುತ್ತದೆ. ಎಲ್‌ಎಂ 6 ಎಂಬ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ತಾಮ್ರ 0.1 ಶೇಕಡ ಮೀರುವುದಿಲ್ಲ, ಕಡಲಿಗೆ ಅದೇ ಸರಿ. ಅಂಗಡಿಯಲ್ಲಿ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಎಂದು ಕೊಡುವ ಬೋಲ್ಟು ಹೆಚ್ಚಾಗಿ 304 ದರ್ಜೆಯದು. ಡೆಕ್ಕಿಗೆ ಬೇಕಾದದ್ದು 2ರಿಂದ 3 ಶೇಕಡ ಮಾಲಿಬ್ಡಿನಂ ಇರುವ 316. ಇವೆರಡನ್ನೂ ಕಾಂತ ಹಿಡಿದು ಬೇರ್ಪಡಿಸಲು ಆಗುವುದಿಲ್ಲ, ಮಾಲಿಬ್ಡಿನಂ ಗುರುತಿಸುವ ರಾಸಾಯನಿಕದ ಹನಿ ಹಾಕಿ ನೋಡಬೇಕು. ಚೂಪಾದ ಅಂಚಿನಲ್ಲಿ ಯಾವ ಬಣ್ಣವೂ ತೆಳುವಾಗಿಯೇ ಕೂರುವುದರಿಂದ ಅಂಚುಗಳನ್ನು 2 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಾಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣ ಕೂರಿಸಿದ ಮೇಲೆ ಹೊಸ ತೂತು ಕೊರೆಯುವ ಅಭ್ಯಾಸ ನಿಲ್ಲಬೇಕು. ಆ ಒಂದು ತೂತಿನ ಅಂಚಿನಿಂದ ಹೊರಟ ಸವೆತ ಬಣ್ಣದ ಅಡಿಯಲ್ಲೇ ಹರಿದಾಡಿ ಅದನ್ನು ಬೊಬ್ಬೆಬೊಬ್ಬೆಯಾಗಿ ಎಬ್ಬಿಸುತ್ತದೆ.

ತಂತಿಗಳ ವಿಷಯದಲ್ಲಿ ತವರ ಲೇಪಿಸಿದ ತಾಮ್ರದ ಎಳೆಗಳನ್ನು ಬಳಸುವುದು ಅಗತ್ಯ. ಬರಿಯ ತಾಮ್ರದ ಎಳೆಗಳ ನಡುವೆ ಉಪ್ಪುನೀರು ತಾನಾಗಿ ಏರಿ, ರಬ್ಬರಿನ ಹೊದಿಕೆಯೊಳಗೆ ದೂರದವರೆಗೆ ಅವನ್ನು ಕಪ್ಪಾಗಿಸಿಬಿಡುತ್ತದೆ. ಹಡಗಿನ ಕಾಂತೀಯ ದಿಕ್ಸೂಚಿಯ ಹತ್ತಿರ ಧ್ವನಿವರ್ಧಕವನ್ನು ಇಡಬಾರದೆಂಬ ಕಟ್ಟುಪಾಡೂ ಇದೆ. ಅದರ ಕಾಂತ ಮುಳ್ಳನ್ನು ಓರೆಯಾಗಿಸಬಲ್ಲದಾದ್ದರಿಂದ ಎಷ್ಟು ದೂರದಲ್ಲಿರಬೇಕೆಂಬುದನ್ನು ಅಳೆದು ಉಪಕರಣದ ಮೇಲೆಯೇ ಬರೆಯಲಾಗುತ್ತದೆ.

ಕಡಲಿಲ್ಲದ ಊರಿನಲ್ಲಿ ಪರೀಕ್ಷೆ ಹೇಗೆ? 35 ಡಿಗ್ರಿಯ ಪೆಟ್ಟಿಗೆಯಲ್ಲಿ 5 ಶೇಕಡ ಉಪ್ಪುನೀರಿನ ಮಂಜನ್ನು ಎಡೆಬಿಡದೆ ಸಿಂಪಡಿಸುವ ವಿಧಾನ ಎಲ್ಲೆಡೆ ಪ್ರಚಲಿತ. 1939ರಲ್ಲಿ ಅಮೆರಿಕದಲ್ಲಿ ಮಾನಕವಾದ ಈ ಪರೀಕ್ಷೆ ಲೇಪದ ತಪ್ಪುಗಳನ್ನು ಬೇಗ ತೋರಿಸುತ್ತದೆ. ಆದರೆ ಅಲ್ಲಿನ ಸಾವಿರ ಗಂಟೆಗಳನ್ನು ಸಮುದ್ರದ ಇಷ್ಟು ವರ್ಷವೆಂದು ಪರಿವರ್ತಿಸಲು ಬರುವುದಿಲ್ಲ, ಏಕೆಂದರೆ ಡೆಕ್ಕಿನ ಮೇಲೆ ಉಪಕರಣದ ಹೊರಮೈ ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ನೀರು ತಡೆಯುವ ದರ್ಜೆಯ ಐಪಿ 66, ಐಪಿ 67 ಎಂಬ ಸಂಖ್ಯೆಗಳೂ ಸಿಹಿನೀರಿನಲ್ಲಿ, ಹೊಸ ಗ್ಯಾಸ್ಕೆಟ್ಟಿನೊಂದಿಗೆ ಪಡೆದವು. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ ಕಡಲತೀರದಲ್ಲಿ ಲೋಹದ ತುಣುಕುಗಳನ್ನು ನಿಜವಾದ ಉಪ್ಪುಗಾಳಿಗೆ ಒಡ್ಡಿ ಅಧ್ಯಯನ ಮಾಡುತ್ತ ಬಂದಿರುವುದಕ್ಕೆ ಕಾರಣವೂ ಇದೇ.

ಧ್ವನಿ ಉಪಕರಣಕ್ಕಂತೂ ಇನ್ನೂ ಒಂದು ಹೆಜ್ಜೆ ಬೇಕು. ಸಿಂಪಡಿಸಿ, ಒಣಗಿಸಿ, ಬಿಸಿ ಮಾಡಿ, ತಣ್ಣೀರೆರಚುವ ಆವರ್ತನಗಳನ್ನು ಮುಗಿಸಿದ ಮೇಲೆ ಹೊರಮೈಯನ್ನು ನೋಡಿ ಅಂಕ ಕೊಡುವುದು ಸಾಲದು. ಪರೀಕ್ಷೆಗೆ ಮುಂಚೆ ಮತ್ತು ಅನಂತರ 500ರಿಂದ 5,000 ಹರ್ಟ್ಸ್‌ವರೆಗಿನ ಧ್ವನಿಮಟ್ಟವನ್ನೂ ವಿರೂಪವನ್ನೂ ಅಳೆದು ಹೋಲಿಸಬೇಕು, ಕಾಯಿಲ್ ಮತ್ತು ಹೊರಕವಚಗಳ ನಡುವಿನ ವಿದ್ಯುತ್ ನಿರೋಧವನ್ನು ನೋಡಬೇಕು. ಬಳಿಕ ಮಾದರಿಗಳಲ್ಲಿ ಒಂದನ್ನು ಕೊಯ್ದು ತೆರೆದು, ಧ್ರುವಗಳ ನಡುವಿನ ಸಂದಿನಲ್ಲಿ ಕೆಂಪು ಬಣ್ಣ ಕಾಣುತ್ತಿದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಅಲ್ಲಿ ಕಂಡುಬಂದರೆ ಹೊರಕವಚ ಎಷ್ಟೇ ಹೊಳೆಯುತ್ತಿದ್ದರೂ ಆ ವಿನ್ಯಾಸವನ್ನು ತಿದ್ದಲು ಮತ್ತೆ ನಕ್ಷೆಯ ಮೇಜಿಗೇ ಕಳುಹಿಸಬೇಕು.