ಕರುಳು ಹೊರಗೆ ತೇಲುವ ಮಗು

ಮಗುವಿನ ಅಂಗಗಳೆಲ್ಲ ಸರಿಯಾಗಿವೆಯಾ ಅಂತ ನೋಡುವ ಐದನೇ ತಿಂಗಳ ಅನಾಮಲಿ ಸ್ಕ್ಯಾನ್‌ಗೆ ಹೋಗುವಾಗ ಮನೆಯವರೆಲ್ಲ ಖುಷಿಯಲ್ಲೇ ಇರುತ್ತಾರೆ. ಕೈ ಕಾಣುತ್ತೆ, ಕಾಲು ಕಾಣುತ್ತೆ, ಮೂಗು ಯಾರ ಥರ ಅಂತ ಆಗಲೇ ಚರ್ಚೆ. ಡಾಕ್ಟರು ಒಂದೇ ಕಡೆ ಪ್ರೋಬ್ ಒತ್ತಿ ಹಿಡಿದು ಮಾತು ನಿಲ್ಲಿಸಿದರೆ ಎದೆ ಧಸಕ್ ಅನ್ನುತ್ತದೆ. ಸ್ಕ್ರೀನ್ ಮೇಲೆ ಮಗುವಿನ ಹೊಟ್ಟೆಯ ಮುಂದೆ, ಗರ್ಭದ ನೀರಿನಲ್ಲಿ, ಬೆಂದ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಏನೋ ತೇಲುತ್ತಿದೆ. ಅದು ಮಗುವಿನ ಕರುಳು.

ಇದರ ಹೆಸರು ಗ್ಯಾಸ್ಟ್ರೋಸ್ಕಿಸಿಸ್. ಹೊಕ್ಕುಳಿನ ಪಕ್ಕದಲ್ಲಿ, ಹೆಚ್ಚಾಗಿ ಬಲಗಡೆ, ಹೊಟ್ಟೆಯ ಗೋಡೆಯಲ್ಲಿ 2ರಿಂದ 4 ಸೆಂಟಿಮೀಟರ್ ಬಿರುಕು. ಅದರಿಂದ ಕರುಳು ಹೊರಬಂದಿರುತ್ತದೆ. ಮೇಲೆ ಯಾವ ಪೊರೆಯೂ ಇರುವುದಿಲ್ಲ.

ಒಂದು ತಮಾಷೆ ಗೊತ್ತಾ? ನಮ್ಮೆಲ್ಲರ ಕರುಳೂ ಒಂದು ಕಾಲದಲ್ಲಿ ಹೊಟ್ಟೆಯ ಹೊರಗೇ ಇತ್ತು. ಗರ್ಭದ ಆರನೇ ವಾರದ ಹೊತ್ತಿಗೆ ಕರುಳು ಎಷ್ಟು ಬೇಗ ಬೆಳೆಯುತ್ತದೆಂದರೆ ಪುಟ್ಟ ಹೊಟ್ಟೆಯಲ್ಲಿ ಅದಕ್ಕೆ ಜಾಗ ಸಾಲುವುದಿಲ್ಲ. ಹೊಕ್ಕುಳಬಳ್ಳಿಯೊಳಗೆ ಇಳಿದು, ಅಲ್ಲೇ ಒಂದು ಸುತ್ತು ತಿರುಗಿ, 12ನೇ ವಾರದೊಳಗೆ ವಾಪಸ್ ಬರುತ್ತದೆ. ಹಾಗಾಗಿ ಅದಕ್ಕಿಂತ ಮುಂಚಿನ ಸ್ಕ್ಯಾನ್‌ನಲ್ಲಿ ಕರುಳು ಹೊರಗೆ ಕಂಡರೆ ಗಾಬರಿ ಬೀಳುವುದು ಬೇಡ.

ಇದರ ಜೊತೆ ಜನ ಜಾಸ್ತಿ ಬೆರೆಸಿಬಿಡುವ ಇನ್ನೊಂದು ತೊಂದರೆ ಆಂಫಲೋಸೀಲ್. ಅದರಲ್ಲಿ ಕರುಳು ಹೊಕ್ಕುಳಿನ ಮೂಲಕವೇ ಹೊರಬಂದು ತೆಳುವಾದ ಚೀಲದೊಳಗೆ ಕೂತಿರುತ್ತದೆ. ನೋಡಲು ಅದೇ ವಾಸಿ ಅನಿಸುತ್ತದೆ. ಆದರೆ ಆ ಮಕ್ಕಳಲ್ಲಿ ಹೃದಯದ ತೊಂದರೆ, ಕ್ರೋಮೋಸೋಮ್ ದೋಷ ಎರಡೂ ಹೆಚ್ಚು. ಗ್ಯಾಸ್ಟ್ರೋಸ್ಕಿಸಿಸ್ ಕಣ್ಣಿಗೆ ಭಯಂಕರ, ಆದರೂ ಹೆಚ್ಚಿನ ಮಕ್ಕಳಲ್ಲಿ ಬೇರೆ ಅಂಗಗಳೆಲ್ಲ ಸರಿಯಾಗಿರುತ್ತವೆ. ಹತ್ತರಲ್ಲಿ ಒಂದು ಮಗುವಿಗೆ ಕರುಳಿನಲ್ಲೇ ಎಲ್ಲೋ ಅಡ್ಡಿ ಇರಬಹುದು. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದಾಗ ಇವೆರಡರಲ್ಲಿ ಯಾವುದು ಅಂತ ಮೊದಲು ಕೇಳಿ. ಮುಂದಿನ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ.

ಇನ್ನು ಗ್ರಹಣದ ಮಾತು. ನಮ್ಮ ಕಡೆ ಮಗುವಿಗೆ ಏನೇ ಆದರೂ ತಾಯಿ ಗ್ರಹಣದ ದಿನ ಕತ್ತರಿ ಮುಟ್ಟಿದ್ದಳಾ ಅಂತ ಕೇಳುವವರು ಒಬ್ಬರಾದರೂ ಇರುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎದ್ದು ಕಾಣುವ ಸಂಗತಿ ಒಂದೇ, ತಾಯಿಯ ವಯಸ್ಸು. ಇಪ್ಪತ್ತಕ್ಕಿಂತ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಇದು ಹೆಚ್ಚು. ಹೊಟ್ಟೆಯಲ್ಲಿರುವ ಮಗುವಿಗೆ ಸಿಗರೇಟಿನ ಹೊಗೆಯೂ ಒಳ್ಳೆಯದಲ್ಲ.

ಸರಿ, ಗೊತ್ತಾಯಿತು. ಮುಂದೇನು? ಹೊಟ್ಟೆಯಲ್ಲಿರುವಾಗಲೇ ಸರಿಮಾಡುವ ಚಿಕಿತ್ಸೆ ಇವತ್ತು ರೂಢಿಯಲ್ಲಿಲ್ಲ. ಮಗು ಬೆಳೆಯುತ್ತಿದೆಯಾ, ಕರುಳು ಊದಿಕೊಳ್ಳುತ್ತಿದೆಯಾ ಅಂತ ಆಗಾಗ ನೋಡುತ್ತಾರೆ. ಕೊನೆಯ ವಾರಗಳಲ್ಲಿ ನಿಗಾ ಇನ್ನೂ ಬಿಗಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ಮಾಮೂಲಿ ಹೆರಿಗೆಯೂ ಆಗುತ್ತದೆ. ಆದರೆ ಹೆರಿಗೆ ಆಗುವ ಜಾಗದಲ್ಲಿ ನವಜಾತ ಶಿಶುಗಳ ಐಸಿಯು, ಮಕ್ಕಳ ಸರ್ಜನ್ ಇಬ್ಬರೂ ಇರಬೇಕು. ಸ್ಕ್ಯಾನ್‌ನಿಂದ ಸಿಗುವ ದೊಡ್ಡ ಲಾಭವೇ ಇದು: ಎಲ್ಲಿ ಹೆರಬೇಕು ಅಂತ ನಾಲ್ಕು ತಿಂಗಳು ಮುಂಚೆ ಗೊತ್ತಾಗುತ್ತದೆ.

ಏಕೆಂದರೆ ಹುಟ್ಟಿದ ಗಳಿಗೆಯಿಂದ ಆ ಒದ್ದೆ ಕರುಳಿನಿಂದ ನೀರು, ಬಿಸಿ ಎರಡೂ ಸೋರಿಹೋಗುತ್ತಿರುತ್ತದೆ. ಅದನ್ನು ತಡೆಯಲು ಬೇಕಾದ ಸಾಮಗ್ರಿಯೇನೂ ದೊಡ್ಡದಲ್ಲ. ಶುದ್ಧವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಮಗುವನ್ನು ಕಾಲಿನಿಂದ ಕಂಕುಳದವರೆಗೆ ಇಳಿಸುತ್ತಾರೆ. ಬಲ ಮಗ್ಗುಲಾಗಿ ಮಲಗಿಸುತ್ತಾರೆ, ಕರುಳಿನ ರಕ್ತನಾಳ ಮಡಚಿಕೊಳ್ಳದಿರಲಿ ಅಂತ. ಮೂಗು ಅಥವಾ ಬಾಯಿಯಿಂದ ಹೊಟ್ಟೆಗೊಂದು ನಳಿಕೆ, ಕೈಗೆ ಡ್ರಿಪ್. ಹೊಕ್ಕುಳಬಳ್ಳಿಯನ್ನು ಉದ್ದವಾಗಿ ಬಿಟ್ಟು ಕತ್ತರಿಸುತ್ತಾರೆ, ಯಾಕೆಂದು ಆಮೇಲೆ ಹೇಳುತ್ತೇನೆ.

ಕರುಳನ್ನು ಒಂದೇ ಸಲಕ್ಕೆ ಒಳಗೆ ತಳ್ಳಲು ಎಷ್ಟೋ ಸಲ ಆಗುವುದಿಲ್ಲ. ಖಾಲಿ ಇದ್ದು ಅಭ್ಯಾಸವಾದ ಹೊಟ್ಟೆ ಅದು. ಬಲವಂತ ಮಾಡಿದರೆ ಒತ್ತಡ ಏರಿ ಉಸಿರಾಟ ಕಷ್ಟವಾಗುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲುವುದಿಲ್ಲ. 1967ರಲ್ಲಿ ಅಮೆರಿಕದ ಸರ್ಜನ್ ಶುಸ್ಟರ್ ಇದಕ್ಕೊಂದು ದಾರಿ ತೋರಿಸಿದರು. ಹೊರಗಿನ ಅಂಗಗಳಿಗೆ ತಾತ್ಕಾಲಿಕ ಹೊದಿಕೆ ಕಟ್ಟಿ, ದಿನದಿನಕ್ಕೆ ಕಿರಿದು ಮಾಡುತ್ತಾ ಬರುವುದು. ಈಗಿನ ಸಿಲಿಕೋನ್ ಚೀಲಕ್ಕೆ ಸೈಲೋ ಅನ್ನುತ್ತಾರೆ, ಅಂದರೆ ಕಣಜ. ಮಗುವಿನ ಹೊಟ್ಟೆಯ ಮೇಲೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಕರುಳು ಕಾಣುತ್ತದೆ. ಅಕ್ಕಿ ಖಾಲಿಯಾದಂತೆ ಮೂಟೆಯ ಬಾಯಿ ಸುತ್ತಿ ಕೆಳಗೆ ಕೆಳಗೆ ಕಟ್ಟುತ್ತೀವಲ್ಲ, ಹಾಗೇ ಪ್ರತಿದಿನ ಒಂದಿಷ್ಟು. ಕರುಳು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹತ್ತಿರಹತ್ತಿರ ಒಂದು ವಾರದಲ್ಲಿ ಕೆಲಸ ಮುಗಿಯುತ್ತದೆ. ಸಿಲಿಕೋನ್ ಚೀಲ ದುಬಾರಿ. ನಮ್ಮ ದೇಶದ ಸರ್ಜನ್‌ಗಳು ಶುದ್ಧೀಕರಿಸಿದ ಯೂರಿನ್ ಬ್ಯಾಗ್ ಕತ್ತರಿಸಿ ಅದೇ ಕೆಲಸ ಮಾಡಿದ್ದಾರೆ. ನನಗಂತೂ ಇದು ದೊಡ್ಡ ಜಾಣ್ಮೆ ಅನಿಸುತ್ತದೆ.

ಬಿರುಕು ಮುಚ್ಚಲು ಕೆಲವೊಮ್ಮೆ ಹೊಲಿಗೆಯೂ ಬೇಡ. ಉದ್ದ ಬಿಟ್ಟಿದ್ದ ಹೊಕ್ಕುಳಬಳ್ಳಿಯನ್ನೇ ಬಿರಡೆಯಂತೆ ಮೇಲೆ ಹೊದಿಸಿ ಪಟ್ಟಿ ಹಾಕಿದರೆ ಗಾಯ ತಾನೇ ಕೂಡಿಕೊಳ್ಳುತ್ತದೆ.

74 ದೇಶಗಳ 264 ಆಸ್ಪತ್ರೆಗಳ ಲೆಕ್ಕ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಈ ತೊಂದರೆಯಿರುವ ಮಕ್ಕಳಲ್ಲಿ ಶ್ರೀಮಂತ ದೇಶಗಳಲ್ಲಿ ತೀರಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಮ್ಮಿ. ನಮ್ಮಂಥ ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 32. ತೀರಾ ಬಡ ದೇಶಗಳಲ್ಲಿ ಲೆಕ್ಕಕ್ಕೆ ಸಿಕ್ಕ ಹತ್ತು ಮಕ್ಕಳಲ್ಲಿ ಒಂಬತ್ತು. ಕಾಯಿಲೆ ಒಂದೇ, ಅಲ್ವಾ?

ಆಪರೇಷನ್ ಮುಗಿದರೂ ಕರುಳು ಕೂಡಲೇ ಕೆಲಸ ಶುರು ಮಾಡುವುದಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ನೆನೆದು ದಪ್ಪವಾಗಿರುತ್ತದೆ. ಅದು ಕೆಲಸ ಶುರು ಮಾಡುವವರೆಗೆ ಆಹಾರವೆಲ್ಲ ರಕ್ತನಾಳಕ್ಕೆ ಹಾಕಿದ ನಳಿಕೆಯ ಮೂಲಕ. ಆ ನಳಿಕೆಯಿಂದ ಸೋಂಕು ತಗಲುವ ಭಯ ಬೇರೆ. ಮೂರು ವಾರವೋ, ಆರು ವಾರವೋ ಕಾಯಬೇಕು. ಅಷ್ಟು ದಿನವೂ ತಾಯಿ ಹಾಲು ಹಿಂಡಿ ತೆಗೆದಿಡುತ್ತಿರುತ್ತಾಳೆ. ನರ್ಸ್‌ಗಳು ದಿನಾ ನೋಡುವುದು ಹೊಟ್ಟೆಯ ನಳಿಕೆಯಲ್ಲಿ ಬರುವ ನೀರಿನ ಬಣ್ಣ. ಅಲ್ಲಿ ಹಸಿರು ಪಿತ್ತ ಕಮ್ಮಿಯಾಗಿ, ನೀರು ತಿಳಿಯಾಗಿ, ಡೈಪರ್‌ನಲ್ಲಿ ಒಂದಿಷ್ಟು ಕಕ್ಕ ಕಂಡ ದಿನ ಸಿರಿಂಜ್‌ನಲ್ಲಿ ಒಂದೆರಡು ಎಂಎಲ್ ಹಾಲು ಇಳಿಸುತ್ತಾರೆ. ಅರ್ಧ ಚಮಚವೂ ಅಲ್ಲ.