ಐದು ಫೋಟೊಗಳಲ್ಲಿ ನಾಲ್ಕು ಎಲ್ಲಿ ಹೋದವು?

ಬೀದರ್‌ನ ಬಿದ್ರಿ ಕೆಲಸಗಾರರ ಕಲೆಯನ್ನು ದಾಖಲಿಸಲೆಂದು ಸಿದ್ಧಪಡಿಸಿದ್ದ ಆನ್‌ಲೈನ್ ಅರ್ಜಿಯೊಂದನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿರಿಯ ಕುಶಲಕರ್ಮಿಯೊಬ್ಬರು ಒಂದೇ ಹೂಜಿಯ ಐದು ಹಂತಗಳ ಫೋಟೊಗಳನ್ನು ಕಳಿಸಿದ್ದರು: ಸತು ಮತ್ತು ತಾಮ್ರದ ಎರಕ, ಉಳಿಯಿಂದ ಕೊರೆದ ಬಳ್ಳಿ, ಬೆಳ್ಳಿ ಕೂಡಿಸಿದ ಮೈ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾದದ್ದು, ಕೊನೆಗೆ ಎಣ್ಣೆ ಹಚ್ಚಿ ಹೊಳಪು ಬಂದದ್ದು. ಪರದೆಯ ಮೇಲೆ ‘ಅರ್ಜಿ ಸ್ವೀಕರಿಸಲಾಗಿದೆ’ ಎಂದು ಬಂದಿತ್ತು. ಸರ್ವರ್‌ನಲ್ಲಿ ಮಾತ್ರ ಹೊಳೆಯುವ ಹೂಜಿಯೊಂದೇ ಉಳಿದಿತ್ತು. “ಐದೂ ಫೋಟೊ ಹಚ್ಚೀನ್ರಿ” ಎಂದು ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇಂಥ ಸಂದರ್ಭದಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿ. ಆದರೆ ನೆಟ್‌ವರ್ಕ್ ಕೈಕೊಟ್ಟರೆ ಕಳಿಸುವ ಕೆಲಸ ನಡುವೆಯೇ ನಿಲ್ಲುತ್ತದೆ. ಮೊದಲ ನಾಲ್ಕನ್ನು ಬಿಟ್ಟು ಕೊನೆಯದೊಂದನ್ನು ಮಾತ್ರ ಇಡಿಯಾಗಿ ತಲುಪಿಸುವುದಿಲ್ಲ. ಉಳಿದದ್ದು ಕೊನೆಯ ಫೋಟೊ ಎಂಬ ಸಂಗತಿಯೇ ದೋಷದ ಸುಳಿವಾಗಿತ್ತು.

ವೆಬ್ ಫಾರ್ಮ್ ಮೂಲಕ ಫೈಲ್ ಕಳಿಸುವ ವಿಧಾನವನ್ನು 1995ರ ನವೆಂಬರ್‌ನಲ್ಲಿ ಪ್ರಸ್ತಾಪಿಸಿದವರು ಜೆರಾಕ್ಸ್ ಕಂಪನಿಯ ಇಬ್ಬರು. ನಮ್ಮ ಊರುಗಳಲ್ಲಿ ನಕಲು ಪ್ರತಿಗೇ ಹೆಸರಾಗಿ ನಿಂತ ಅದೇ ಜೆರಾಕ್ಸ್. ಅವರ ‘ಮಲ್ಟಿಪಾರ್ಟ್’ ವಿಧಾನದಲ್ಲಿ ಬ್ರೌಸರ್ ಎಲ್ಲ ಫೈಲ್‌ಗಳನ್ನೂ ಒಂದೇ ಉದ್ದನೆಯ ಸಂದೇಶವಾಗಿ ಜೋಡಿಸುತ್ತದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಫೈಲ್‌ನೊಳಗೆ ಎಲ್ಲೂ ಬರದಂಥ ಅಕ್ಷರಸಾಲೊಂದನ್ನು ಗಡಿಗಲ್ಲಿನಂತೆ ಇಡುತ್ತದೆ, ಮತ್ತು ಪ್ರತಿ ಭಾಗದ ತಲೆಯ ಮೇಲೆ ಫಾರ್ಮ್‌ನಲ್ಲಿರುವ ಆ ಅಂಕಣದ ಹೆಸರನ್ನೂ ಫೈಲ್‌ನ ಹೆಸರನ್ನೂ ಬರೆಯುತ್ತದೆ. ಈ ವಿಧಾನವನ್ನು ಫಾರ್ಮ್‌ನಲ್ಲಿ ನಮೂದಿಸದಿದ್ದರೆ ಫೈಲ್‌ನ ಹೆಸರಷ್ಟೇ ಹೋಗುತ್ತದೆ, ಫೈಲ್ ಹೋಗುವುದಿಲ್ಲ. ನಮ್ಮ ಫಾರ್ಮ್‌ನಲ್ಲಿ ಅದು ಸರಿಯಾಗಿಯೇ ಇತ್ತು.

ಐದೂ ಭಾಗಗಳ ತಲೆಯ ಮೇಲೆ ಇದ್ದದ್ದು ‘ಫೋಟೊ’ ಎಂಬ ಒಂದೇ ಹೆಸರು. ಸರ್ವರ್‌ನಲ್ಲಿ ಅರ್ಜಿಯನ್ನು ಸ್ವೀಕರಿಸುವ ಪ್ರೋಗ್ರಾಂ (ಸ್ಕ್ರಿಪ್ಟ್) ಬರೆದಿದ್ದ ಪಿಎಚ್‌ಪಿ ಭಾಷೆ ಇದನ್ನು ಒಂದೇ ಪೆಟ್ಟಿಗೆಯೆಂದು ತಿಳಿದು ಎರಡನೆಯದು ಬಂದಾಗ ಮೊದಲನೆಯದನ್ನು ತೆಗೆಯುತ್ತದೆ, ಮೂರನೆಯದು ಬಂದಾಗ ಎರಡನೆಯದನ್ನು. ಹೆಸರಿನ ಕೊನೆಗೆ ಒಂದು ಜೋಡಿ ಚೌಕ ಆವರಣ ಸೇರಿಸಿದರೆ ಅದೇ ಹೆಸರು ಪಟ್ಟಿಯಾಗುತ್ತದೆ, ಐದೂ ಉಳಿಯುತ್ತವೆ. ಆದರೆ ಪಿಎಚ್‌ಪಿ ಆ ಪಟ್ಟಿಯನ್ನು ಫೋಟೊವಾರು ಕೊಡುವುದಿಲ್ಲ; ಹೆಸರುಗಳೆಲ್ಲ ಒಂದು ಕಡೆ, ಗಾತ್ರಗಳೆಲ್ಲ ಇನ್ನೊಂದು ಕಡೆ, ದೋಷಸಂಖ್ಯೆಗಳು ಮತ್ತೊಂದು ಕಡೆ ಇರುತ್ತವೆ. ಆದ್ದರಿಂದ ಕ್ರಮಸಂಖ್ಯೆ ಹಿಡಿದು ಒಂದೊಂದನ್ನೇ ಎತ್ತಿಕೊಳ್ಳಬೇಕು.

ಪರೀಕ್ಷೆಗೆಂದು ಐದು ಕಾಗದದ ಚೂರುಗಳ ಮೇಲೆ 1ರಿಂದ 5ರವರೆಗೆ ಬರೆದು, ಫೋಟೊ ತೆಗೆದು ಕಳಿಸಿದೆ. ಈ ಬಾರಿ ಮೂರು ಮಾತ್ರ ಉಳಿದವು. ಎರಡನ್ನು ಮೊದಲೇ ತೆಗೆದು ಹೆಸರು ಬದಲಿಸಿಟ್ಟಿದ್ದೆ. ಫಾರ್ಮ್‌ನಿಂದಲೇ ಕ್ಯಾಮೆರಾ ತೆರೆದು ತೆಗೆದ ಉಳಿದ ಮೂರಕ್ಕೂ ಫೋನ್ ಒಂದೇ ಹೆಸರಿಟ್ಟಿತ್ತು, ಸ್ಕ್ರಿಪ್ಟ್ ಆ ಹೆಸರಿನಲ್ಲೇ ಉಳಿಸುತ್ತಿದ್ದುದರಿಂದ ಒಂದರ ಮೇಲೊಂದು ಕುಳಿತಿದ್ದವು. ಕಳಿಸಿದವರ ಫೈಲ್ ಹೆಸರನ್ನು ಎಂದೂ ನಂಬಬಾರದು, ಸರ್ವರ್ ತಾನೇ ಹೊಸ ಹೆಸರು ಕೊಡಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಗಾತ್ರದ ಮಿತಿ. ಪಿಎಚ್‌ಪಿಯ ಮೂಲ ವ್ಯವಸ್ಥೆಯಲ್ಲಿ ಒಂದು ಫೈಲ್‌ಗೆ 2 ಎಂಬಿ, ಇಡೀ ಅರ್ಜಿಗೆ 8 ಎಂಬಿ, ಒಂದು ಸಲಕ್ಕೆ 20 ಫೈಲ್‌ಗಳ ಮಿತಿಯಿದೆ. ಒಂದು ಫೈಲ್ ದೊಡ್ಡದಾದರೆ ದೋಷಸಂಖ್ಯೆ 1 ಸಿಗುತ್ತದೆ, ಅರ್ಧಕ್ಕೆ ನಿಂತರೆ 3. ಆದರೆ ಒಟ್ಟು 8 ಎಂಬಿ ಮೀರಿದಾಗ ಫೋಟೊಗಳ ಜೊತೆಗೆ ತುಂಬಿದ ಹೆಸರು, ಊರು, ವಿಳಾಸ ಎಲ್ಲವೂ ಸ್ಕ್ರಿಪ್ಟ್‌ಗೆ ಖಾಲಿಯಾಗಿ ಕಾಣುತ್ತವೆ, ಮತ್ತು ಅದು ‘ಹೆಸರು ತುಂಬಿರಿ’ ಎಂದು ಕೇಳುತ್ತದೆ. ಹೆಸರು ಬರೆದು ಕಳಿಸಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಸಂದೇಶದ ಉದ್ದ ಸೊನ್ನೆಗಿಂತ ಹೆಚ್ಚಿದ್ದೂ ಒಳಗೆ ಏನೂ ಇಲ್ಲವೆಂದಾದರೆ ಮಿತಿ ಮೀರಿದೆಯೆಂದು ಸ್ಕ್ರಿಪ್ಟ್ ಅರಿಯಬಹುದು. ಪಿಎಚ್‌ಪಿಗಿಂತ ಮೊದಲು ಅರ್ಜಿಯನ್ನು ಪಡೆಯುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ 1 ಎಂಬಿ ಮಿತಿಯನ್ನೂ ಏರಿಸಬೇಕು. ಇಲ್ಲವಾದರೆ 413 ಎಂಬ ಸಂಖ್ಯೆಯೊಂದಿಗೆ ಅರ್ಜಿ ಬಾಗಿಲಿನಿಂದಲೇ ಮರಳುತ್ತದೆ.

ಮಿತಿಗಳನ್ನು ಏರಿಸಿ, ಪ್ರತಿ ಫೋಟೊದ ದೋಷಸಂಖ್ಯೆಯನ್ನು ಕನ್ನಡದ ವಾಕ್ಯವಾಗಿಸಿದ ಮೇಲೆ ಆ ಹಿರಿಯರು ಮತ್ತೊಮ್ಮೆ ಕಳಿಸಿದರು. ‘ನಾಲ್ಕು ಫೋಟೊ ತಲುಪಿವೆ, ಮೂರನೆಯದು ಗಾತ್ರದಲ್ಲಿ ದೊಡ್ಡದಿದೆ’ ಎಂದು ಪರದೆ ತೋರಿಸಿತು. ಬೆಳ್ಳಿ ಕೂಡಿಸಿದ ಆ ಒಂದನ್ನೇ ಅವರು ಚಿಕ್ಕದು ಮಾಡಿ ಕಳಿಸಿದರು.