ಡೈವಿಂಗ್‌ಗೆ ಹೊರಡುವ ಮುಂಚೆ ಮೀನಖಂಡಕ್ಕೆ ಆರು ವಾರ ಕೊಡಿ

ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಕೋರ್ಸ್ ಮುಗಿಸಿ ಬಂದ ಹುಡುಗನೊಬ್ಬ ನನ್ನ ಕ್ಲಿನಿಕ್ಕಿನ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದ. ದಿನಾ ಜಿಮ್‌ಗೆ ಹೋಗ್ತೀನಿ ಮೇಡಂ, ಆದ್ರೂ ಮೀನಖಂಡ ಕಲ್ಲಾಗಿದೆ ಅಂದ. ಮಂಚದ ಮೇಲೆ ಬೋರಲು ಮಲಗಿಸಿ, ನೀರಲ್ಲಿ ಹೇಗೆ ಕಾಲು ಬಡಿದೆ ತೋರಿಸು ಅಂದೆ. ಮಂಡಿ ಮಡಚಿ ಮಡಚಿ ಸೈಕಲ್ ತುಳಿದ ಹಾಗೆ ತೋರಿಸಿದ. ನೋವು ಎಲ್ಲಿಂದ ಬಂತು ಅಂತ ಆಗಲೇ ಗೊತ್ತಾಯಿತು.

ಫಿನ್ಸ್, ಅಂದ್ರೆ ಈಜಲು ಕಾಲಿಗೆ ಹಾಕುವ ಉದ್ದ ರೆಕ್ಕೆಗಳು, ಹಾಕಿದಾಗ ಪಾದ ಹಿಂದಕ್ಕೆ ಚಾಚಿಯೇ ಇರುತ್ತದೆ. ಅಂದ್ರೆ ಮೀನಖಂಡ ಮುಕ್ಕಾಲು ಗಂಟೆ ಕುಗ್ಗಿದ ಸ್ಥಿತಿಯಲ್ಲೇ ದುಡಿಯುತ್ತದೆ, ಹಾಗೆ ಕುಗ್ಗಿದ ಸ್ನಾಯು ಸುಲಭವಾಗಿ ಸೆಳೆತ ಹಿಡಿಯುತ್ತದೆ. ಕಾಲು ಬಡಿಯುವ ಶಕ್ತಿ ಸೊಂಟ ಮತ್ತು ತೊಡೆಯಿಂದ ಬರಬೇಕು. ಅವು ಸುಮ್ನಿದ್ರೆ ಪೂರ್ತಿ ಹೊರೆ ಕೆಳಗಿನ ಈ ಸಣ್ಣ ಸ್ನಾಯುವಿನ ಮೇಲೆ.

ನಾನು ಎಲ್ಲರಿಗೂ ಹೇಳಿಕೊಡುವುದು ಮನೆ ಮೆಟ್ಟಿಲಿನ ವ್ಯಾಯಾಮ. ಪಾದದ ಮುಂಭಾಗ ಮಾತ್ರ ಮೆಟ್ಟಿಲ ಮೇಲಿರಲಿ, ಹಿಮ್ಮಡಿ ಗಾಳಿಯಲ್ಲಿ. ಕಂಬಿ ಹಿಡಿದು ಎರಡೂ ಕಾಲಲ್ಲಿ ಮೇಲೇಳಿ, ಒಂದು ಕಾಲು ಎತ್ತಿಬಿಡಿ, ಇನ್ನೊಂದರ ಮೇಲೆ ನಾಲ್ಕು ಎಣಿಸುತ್ತಾ ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ ನಿಧಾನ ಇಳಿಯಿರಿ. ಈ ಇಳಿಯುವುದೇ ಮುಖ್ಯ, ಜನ ಅದನ್ನೇ ಧಡಕ್ಕನೆ ಮುಗಿಸುತ್ತಾರೆ. ಒಂದೊಂದು ಕಾಲಿಗೆ 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲ ವಾರ ಎರಡೂ ಕಾಲಲ್ಲೇ ಇಳಿದರೆ ಸಾಕು. ಆಮೇಲೆ ಮಂಡಿ ಸ್ವಲ್ಪ ಬಗ್ಗಿಸಿ ಇದನ್ನೇ ಮಾಡಿ. ಮೀನಖಂಡದ ಮೇಲ್ಪದರದ ಸ್ನಾಯು ಮಂಡಿ ದಾಟಿ ಹೋಗುವುದರಿಂದ ಬಗ್ಗಿಸಿದಾಗ ಸಡಿಲವಾಗುತ್ತದೆ, ಒಳಗಿನ ಸ್ನಾಯುವಿಗೆ ಕೆಲಸ ಜಾಸ್ತಿ ಬೀಳುತ್ತದೆ. ಜಿಮ್‌ನಲ್ಲಿ ತುಂಬಾ ಜನ ಬಿಡುವುದು ಇದನ್ನೇ.

ಬೋರಲು ಮಲಗಿ ಮಂಡಿ ನೇರವಿಟ್ಟು ಕಾಲೆತ್ತುವುದನ್ನೂ ಸೇರಿಸಿ. ಈಜುಕೊಳ ಸಿಕ್ಕರೆ ವಾರಕ್ಕೊಮ್ಮೆ ಫಿನ್ಸ್ ಹಾಕಿ ಹತ್ತು ನಿಮಿಷ ಈಜಿ. ಹೊರಡುವ ಎರಡು ಮೂರು ದಿನ ಮುಂಚೆ ಭಾರಿ ವ್ಯಾಯಾಮ ನಿಲ್ಲಿಸಿ. ಹೊಸ ವ್ಯಾಯಾಮದ ನೋವು ಒಂದೆರಡು ದಿನ ಕಳೆದ ಮೇಲೇ ಜೋರಾಗುತ್ತದೆ, ಅದನ್ನು ದೋಣಿ ಹತ್ತಿಸಿಕೊಳ್ಳಬೇಡಿ.

ಬಾಡಿಗೆ ಫಿನ್ಸ್ ಬಿಗಿಯಾಗಿದ್ದರೆ ಅಥವಾ ತೀರಾ ಗಟ್ಟಿಯಿದ್ದರೆ ಸಂಕೋಚ ಬಿಟ್ಟು ಬದಲಾಯಿಸಿ ಅನ್ನಿ. ಮುಂಚೆ ನೀರು ಚೆನ್ನಾಗಿ ಕುಡಿದಿರಿ, ಸಿಲಿಂಡರಿನ ಒಣ ಗಾಳಿ ಮೈ ಒಣಗಿಸುತ್ತದೆ. ನೀರೊಳಗೆ ಸೆಳೆತ ಬಂದರೆ ಗಾಬರಿಯಾಗದೆ ಜೊತೆಗಿರುವ ಡೈವರ್‌ಗೆ ಸನ್ನೆ ಮಾಡಿ, ಮಂಡಿ ನೇರ ಮಾಡಿ, ಫಿನ್ ತುದಿ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ. ಬಿಗಿತ ಬಿಡುವವರೆಗೂ ಮತ್ತೆ ಬಡಿಯಬೇಡಿ.

ಮಾಮೂಲಿ ನೋವು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಕೀಲುಗಳಲ್ಲಿ ಆಳವಾದ ನೋವು, ಜೋಮು, ಕಾಲಲ್ಲಿ ಬಲವಿಲ್ಲದಂತೆ ಅನಿಸುವುದು ಡೈವಿಂಗ್‌ನಲ್ಲಿ ನೀರಿನ ಒತ್ತಡ ಇಳಿಯುವಾಗ ಮೈಯೊಳಗೆ ಗಾಳಿಗುಳ್ಳೆಯಾಗಿ ಬರುವ ಕಾಯಿಲೆಯಿರಬಹುದು. ಉಜ್ಜುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿ ಬಂದಿದ್ದೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.